ಮನೆ ಮೇಷ್ಟ್ರ ಫೀಸು

ಮಾರ್ಚ್ ೪

ಅಕ್ಕಾ,

ಫೋನ್ ಮಾಡಿದರೆ "ಆಂ? ಆಂ?" ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ನನಗೇ ಬೈದು ಇಟ್ಟುಬಿಡುತ್ತೀಯ. ಕೀಲಿ ಕೊರೆಯುವ ಮೆಷಿನ್ನು ನಿನ್ನ ಕಿವಿಯನ್ನು ಪೂರ್ತಿ ತಿಂದಹಾಗಿದೆ. ಅದಕ್ಕೇ ಎಂದಿನಂತೆ ಕಾಗದ.

ವಿಷಯ ಎರಡು. ಮೊದಲನೆಯದು, ನಮ್ಮ ಆಸ್ಪತ್ರೆಯವರು ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸಿದ್ದಾರೆ. ಒಗೆಯುವವರು, ಇಸ್ತ್ರಿಯವರು, ನನ್ನಂಥ ಮಡಿಸುವವರು, ಎಲ್ಲ ಸೇರಿ ಇಪ್ಪತ್ತಾರು ಜನ ಮನೆಗೆ. ಮನೆಗೆ ಎಂದರೂ ತಪ್ಪೇ, ಏಕೆಂದರೆ ಮೇ ಕೊನೆಯೊಳಗೆ ಕ್ವಾರ್ಟರ್ಸಿನ ಕೋಣೆಯನ್ನೂ ಬಿಡಬೇಕು. ಹನ್ನೊಂದು ವರ್ಷ ದುಡಿದಿದ್ದಕ್ಕೆ ಹದಿನಾಲ್ಕು ತಿಂಗಳ ಸಂಬಳವನ್ನು ಒಟ್ಟಿಗೆ ಕೊಟ್ಟಿದ್ದಾರೆ. ಹೋದ ತಿಂಗಳು ಕೈಗೆ ಬಂತು.

ಎರಡನೆಯದು ಕೇಳಿ ನಗಬೇಡ. ಇಲ್ಲೊಬ್ಬರು ಇದ್ದಾರೆ, ಎಲ್ಲರೂ ಮನೆ ಮೇಷ್ಟ್ರು ಎನ್ನುತ್ತಾರೆ. ಹಾಲ್ ಹಿಡಿದು ಪಾಠ ಮಾಡುತ್ತಾರೆ. ಕಡಿಮೆ ದುಡ್ಡಿಗೆ ಹಳೇ ಮನೆ ಹುಡುಕುವುದು, ಸಾಲ ತೆಗೆಯುವುದು, ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು, ಆ ಬಾಡಿಗೆಯಲ್ಲೇ ಸಾಲ ತೀರಿಸಿ ಮುಂದಿನ ಮನೆಗೆ ಹೋಗುವುದು, ಎಲ್ಲವನ್ನೂ ಕೈಹಿಡಿದು ಹೇಳಿಕೊಡುತ್ತಾರೆ. ಆರು ತಿಂಗಳು ಜೊತೆಗಿರುತ್ತಾರಂತೆ. ಫೀಸು ಎಂಟು ತಿಂಗಳ ಸಂಬಳದಷ್ಟಾಗುತ್ತದೆ. ಜಾಸ್ತಿ ಅನ್ನಿಸುತ್ತದೆ, ಗೊತ್ತು. ಆದರೆ ದುಡ್ಡನ್ನು ಸುಮ್ಮನೆ ಇಟ್ಟುಕೊಂಡು ಕೂತರೆ ಎರಡು ವರ್ಷದಲ್ಲಿ ತಿಂದು ಮುಗಿಯುತ್ತದೆ. ನನಗೂ ನನ್ನದು ಎನ್ನುವ ಎರಡು ಕೋಣೆ ಬೇಕು ಅಕ್ಕ. ಯಾರೂ ಬಂದು "ಖಾಲಿ ಮಾಡಿ" ಅನ್ನಬಾರದು.

ಕಟ್ಟಲೋ ಬೇಡವೋ, ನೀನು ಹೇಳು. ಇನ್ನೊಂದು ಮಾತು. ಒಂದೇ ಮನೆಯಿಂದ ಇಬ್ಬರು ಸೇರಿದರೆ ಇಬ್ಬರಿಗೂ ಸ್ವಲ್ಪ ಬಿಡುತ್ತಾರಂತೆ. ನಿನ್ನ ಹತ್ತಿರವೂ ಒಂದಿಷ್ಟು ಇರಬೇಕಲ್ಲ. ಯೋಚಿಸು.

ಚೂಟಿ

*

ಮಾರ್ಚ್ ೧೦

ಚೂಟಿ,

ನಿನ್ನ ಕಾಗದ ಬಿಚ್ಚುವುದಕ್ಕೂ ಆಸ್ಪತ್ರೆಯ ಶಿಸ್ತು ಬೇಕು. ಮೂರು ಮಡಿಕೆ, ಕೊನೆಯ ಅಂಚನ್ನು ಬೆರಳಗಲ ಹೊರಕ್ಕೆ ಮಡಚಿ ಬಿಟ್ಟಿರುತ್ತೀಯ. ಆಪರೇಷನ್ನಿನ ಬಟ್ಟೆಯನ್ನು ಹಾಗೆ ಮಡಿಸಿದರೆ ನರ್ಸು ಆ ಅಂಚನ್ನಷ್ಟೇ ಹಿಡಿದು ಎಳೆಯುತ್ತಾಳೆ, ಒಳಗೆ ಕೈ ತಾಗುವುದಿಲ್ಲ ಎಂದು ನೀನೇ ಹೇಳಿದ್ದೆ. ಅಕ್ಕನ ಕಾಗದಕ್ಕೆ ಯಾವ ರೋಗ ತಾಗುತ್ತದೋ ನಾ ಕಾಣೆ.

ಕೆಲಸ ಹೋಗಿದ್ದು ಕೇಳಿ ಹೊಟ್ಟೆ ಉರಿಯಿತು. ಹನ್ನೊಂದು ವರ್ಷ ಅವರ ಹೊಲಸನ್ನೆಲ್ಲ ಬೆಳ್ಳಗೆ ಮಾಡಿಕೊಟ್ಟೆ. ಆ ಮಾತು ಇನ್ನೊಂದು ದಿನ ಆಡೋಣ.

ಈಗ ನಿನ್ನ ಮೇಷ್ಟ್ರು. ನಾನು ಮೂವತ್ತು ವರ್ಷದಿಂದ ಬೀಗ ರಿಪೇರಿ ಮಾಡಿಕೊಂಡಿರುವವಳು. ಮನೆ ಕೊಂಡವರು, ಮಾರಿದವರು, ಬಾಡಿಗೆಯವನನ್ನು ಓಡಿಸಿದವರು, ಓಡಿಹೋದವನ ಬಾಗಿಲು ಒಡೆಸಿದವರು, ಎಲ್ಲರೂ ಮೊದಲು ಬರುವುದು ನನ್ನ ಅಂಗಡಿಗೆ. ಅವರಲ್ಲಿ ಮನೆಯಿಂದ ದುಡ್ಡು ಮಾಡಿದವರು ಇದ್ದಾರೆ. ಹೇಗೆ ಮಾಡಿದೆ ಎಂದು ಯಾರೂ ಹಾಲ್ ಬಾಡಿಗೆಗೆ ಹಿಡಿದು ಹೇಳಿದ್ದು ನೋಡಿಲ್ಲ. ಜೇನಿನ ಗೂಡು ಕಂಡವನು ಊರಿಗೆಲ್ಲ ಡಂಗುರ ಹೊಡೆಯುತ್ತಾನೇನು?

ಮೂರು ಪ್ರಶ್ನೆ ಕೇಳಿಕೊಂಡು ಬಾ. ನಿಮ್ಮ ಮೇಷ್ಟ್ರು ಬದುಕುವುದು ಮನೆಗಳ ಬಾಡಿಗೆಯಿಂದಲೋ, ನಿಮ್ಮಂಥವರ ಫೀಸಿನಿಂದಲೋ? ಅವರು ಸ್ವಂತ ಮನೆಯಲ್ಲಿದ್ದಾರೋ, ಬಾಡಿಗೆ ಮನೆಯಲ್ಲೋ? ಕಲಿತ ಶಿಷ್ಯರಲ್ಲಿ ಒಬ್ಬರ ಮನೆಯನ್ನು, ಹೇಳದೆ ಕೇಳದೆ ಹೋಗಿ, ನೀನೊಬ್ಬಳೇ ನೋಡಬಹುದೋ? ನೋಡಲು ಬಿಟ್ಟರೆ ಗೋಡೆಯ ಬಣ್ಣ ನೋಡಬೇಡ, ಬಾಗಿಲ ಅಂಚು ನೋಡು. ಹೊಸ ಬೀಗದ ಅಕ್ಕಪಕ್ಕ ಹಳೇ ಸ್ಕ್ರೂ ತೂತು ಎಷ್ಟಿವೆ ಎಣಿಸು. ಬೀಗ ಪದೇ ಪದೇ ಬದಲಾದ ಮನೆ ಎಂದರೆ ಜನ ನಿಲ್ಲದ ಮನೆ. ಜನ ನಿಲ್ಲದ ಮನೆಗೆ ಬಾಡಿಗೆ ಎಲ್ಲಿಂದ?

ನಾನು ಸೇರುವ ಮಾತು ಬಿಡು. ನನ್ನ ಕಿವಿ ಹೋಗಿರಬಹುದು, ಅದರ ಮೇಲೆ ಹೂವಿಡಲು ಇನ್ನೂ ಬಿಟ್ಟಿಲ್ಲ.

ಅಕ್ಕ

*

ಮಾರ್ಚ್ ೧೭

ಅಕ್ಕಾ,

ಕಾಮಾಲೆ ಕಣ್ಣಿನವರಿಗೆ ಕಂಡಿದ್ದೆಲ್ಲ ಹಳದಿ. ಆದರೂ ನಿನ್ನ ಪ್ರಶ್ನೆಗಳಿಗೆ ಉತ್ತರ ತಂದಿದ್ದೇನೆ.

ಮೇಷ್ಟ್ರಿಗೆ ಬಾಡಿಗೆಯೂ ಬರುತ್ತದೆ, ಫೀಸೂ ಬರುತ್ತದೆ. ಇರುವುದು ಬಾಡಿಗೆ ಮನೆಯಲ್ಲೇ. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. "ದುಡಿಯೋ ದುಡ್ಡನ್ನ ನಾನು ಮಲಗೋ ಕೋಣೆಯಲ್ಲಿ ಹೂತಿಡಲ್ಲ" ಎನ್ನುತ್ತಾರೆ. ಕೇಳಿದರೆ ಸರಿ ಅನ್ನಿಸುತ್ತದೆ. ಶಿಷ್ಯೆಯೊಬ್ಬಳ ಮನೆಯ ಫೋಟೋ ಇಟ್ಟಿದ್ದೇನೆ, ಬಾಗಿಲೂ ಕಾಣುತ್ತದೆ, ನೋಡಿಕೋ. ಶಾಲೆಯಲ್ಲಿ ಗುಮಾಸ್ತೆಯಾಗಿದ್ದವಳು. ಈಗ ಅವಳಿಗೆ ಎರಡು ಮನೆ.

ಅವರ ಆಫೀಸು ನಿನ್ನ ಕಲ್ಪನೆಯಂತೆ ಥಳಕಿನದ್ದಲ್ಲ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಜೆರಾಕ್ಸ್ ಮೆಷಿನ್ನು, ಬಂದವರಿಗೆ ಆರು ಪ್ಲಾಸ್ಟಿಕ್ ಕುರ್ಚಿ. ಮೇಜಿನ ಡ್ರಾಯರನ್ನು ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಮೊಣಕಾಲಲ್ಲಿ ಕೆಳಗಿನಿಂದ ಎತ್ತಬೇಕು. ನೀನಿದ್ದರೆ ಒಂದು ನಿಮಿಷದ ಕೆಲಸ. ಮೋಸ ಮಾಡುವವರಾದರೆ ಮೊದಲು ಡ್ರಾಯರು ಸರಿಮಾಡಿಸುತ್ತಿರಲಿಲ್ಲವೇ?

ಒಂದು ಭಾನುವಾರ ಬಂದು ಅವರ ಮಾತು ಕೇಳು, ಅದಕ್ಕೆ ದುಡ್ಡಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ, ನಿನಗೂ ಕೇಳಿಸುತ್ತದೆ.

ಚೂಟಿ

*

ಮಾರ್ಚ್ ೨೩

ಚೂಟಿ,

ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಹಲ್ಲು ಸವೆದ ಕೀಲಿ ನೋಡುತ್ತೇನಲ್ಲ, ಅದೇ ಕನ್ನಡಿ. ಬಾಗಿಲು ಹೊಳೆಯುತ್ತಿದೆ, ಬೀಗವೂ ಹೊಸದು. ಅದರ ಕೆಳಗೆ ಮರದ ಪುಡಿಗೆ ಅಂಟು ಕಲಸಿ ತೂತು ಮುಚ್ಚಿ ಬಣ್ಣ ಬಳಿದಿದ್ದಾರೆ. ನಾಲ್ಕು ಜಾಗ. ಹೊಸದೂ ಸೇರಿ ಐದು ಬೀಗ. ಆ ಗುಮಾಸ್ತೆ ಮನೆ ಕೊಂಡು ಎಷ್ಟು ವರ್ಷವಾಯಿತು, ಕೇಳಿದೆಯಾ?

ಅದು ಹಾಗಿರಲಿ. ಡ್ರಾಯರಿನ ಮಾತಿಗೆ ಬರೋಣ.

ನಾನು ಜೀವನದಲ್ಲಿ ಎಷ್ಟೋ ಆಫೀಸುಗಳಿಗೆ ಹೋಗಿದ್ದೇನೆ. ಬ್ಯಾಂಕು, ವಕೀಲರು, ತೆರಿಗೆಯವರು. ಯಾವ ಮೇಜಿನ ಡ್ರಾಯರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನನಗೆ ಗೊತ್ತಾಗಿಲ್ಲ. ಏಕೆಂದರೆ ವಿಚಾರಿಸಲು ಹೋದವರು ಮೇಜಿನ ಈ ಕಡೆ ಕೂರುತ್ತಾರೆ, ಡ್ರಾಯರು ಇರುವುದು ಆ ಕಡೆ. ನಿನ್ನ ಮೊಣಕಾಲು ಆ ಕಡೆಗೆ ಹೇಗೆ ಹೋಯಿತು? "ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ" ಎಂದು ಬೇರೆ ಬರೆದಿದ್ದೀಯ. ಕೂರಿಸಲು ನೀನು ಯಾರು?

ನೀನು ನನ್ನನ್ನು ಸಲಹೆ ಕೇಳುತ್ತಿದ್ದೀಯೋ, ಗಾಳ ಹಾಕುತ್ತಿದ್ದೀಯೋ ಗೊತ್ತಾಗುತ್ತಿಲ್ಲ. ದುಡ್ಡು ಕಟ್ಟಿಯಾಗಿದೆಯಾ? ಸತ್ಯ ಹೇಳು.

ಅಕ್ಕ

*

ಮಾರ್ಚ್ ೩೦

ಅಕ್ಕಾ,

ಕಟ್ಟಿಲ್ಲ. ಕಟ್ಟಿದ್ದರೆ ನಿನ್ನನ್ನು ಯಾಕೆ ಕೇಳುತ್ತಿದ್ದೆ?

ಬಾಡಿಗೆಯವರು ಬದಲಾದಾಗೆಲ್ಲ ಬೀಗ ಬದಲಿಸುವುದು ಒಳ್ಳೆಯ ಅಭ್ಯಾಸ. ಅದನ್ನು ಹೇಳಿಕೊಟ್ಟವಳೂ ನೀನೇ. ಈಗ ಅದೇ ತಪ್ಪಾಯಿತು.

ನೀನು ಬದಲಾಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನಿನ್ನ ಅಂಗಡಿಯ ಡ್ರಾಯರಿನಿಂದ ಮೂರು ದಿನದ ವ್ಯಾಪಾರದ ದುಡ್ಡು ಕಾಣೆಯಾಯಿತು. ನೀನು ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳವಾಡುತ್ತಿದ್ದೆ, ಅತ್ತುಬಿಡುತ್ತಿದ್ದೆ, ಮುಗಿಯುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಡ್ರಾಯರಿಗೆ ಹೊಸ ಬೀಗ, ಕೀಲಿ ನಿನ್ನ ಕೊರಳಲ್ಲಿ. ಅಮ್ಮ ಹೋದಮೇಲೆ ಏಳು ವರ್ಷ ಒಂದೇ ಮಂಚದಲ್ಲಿ ಮಲಗಿದವರು ನಾವು. ಆ ತಿಂಗಳೇ ನಾನು ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಿದ್ದು. ನೀನು ಯಾಕೆ ಎಂದೂ ಕೇಳಲಿಲ್ಲ.

ಈಗ ಕೇಳುತ್ತಿದ್ದೀಯ, "ಸತ್ಯ ಹೇಳು" ಎಂದು. ಇನ್ನು ಬರೆಯಬೇಡ.

ಚೂಟಿ

*

ಏಪ್ರಿಲ್ ೫

ಬರೆಯಬೇಡ ಅಂದಿದ್ದೀಯ. ಬರೆಯುವುದಿಲ್ಲ. ಕೋಣೆ ಬಿಡುವ ತಾರೀಖು ಯಾವುದು, ಎಲ್ಲಿಗೆ ಹೋಗುತ್ತೀಯ, ಇಷ್ಟು ಒಂದು ಕಾರ್ಡಿನಲ್ಲಿ ಗೀಚಿ ಹಾಕು.

ಅಕ್ಕ

*

ಏಪ್ರಿಲ್ ೨೭

ಚೂಟಿ,

ಕಾರ್ಡು ಬರಲಿಲ್ಲ. ಆದರೆ ನಿನ್ನಿಂದ ಒಂದು ಕಾಗದ ಬಂತು. ನೀನು ನನಗೆಂದು ಬರೆದಿದ್ದಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನಮ್ಮ ಅಂಗಡಿಗೆ ಕೊರೆಯದ ಕೀಲಿ ತುಂಡುಗಳನ್ನು ತಂದುಕೊಡುವ ಸೇಲ್ಸಿನವನು ಇದ್ದಾನಲ್ಲ, ಮೂರು ವಾರಕ್ಕೊಮ್ಮೆ ಬರುವವನು. ಅವನ ಊರು ಇಲ್ಲಿಂದ ಅರ್ಧ ದಿನದ ದಾರಿ. ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ನಾನು ಆಕೆಯ ವಿಳಾಸ ಇಸಿದುಕೊಂಡೆ. ಮೇಷ್ಟ್ರ ಆಫೀಸಿನ ವಿಳಾಸ ನೀನು ಕಳಿಸಿದ ಫೋಟೋದ ಹಿಂದೆಯೇ ಇತ್ತು. ಇಲ್ಲಿ ಟೈಪ್ ಮಾಡುವವನ ಹತ್ತಿರ ಕೂತು ನಿನ್ನ ಮನೆ ಮೇಷ್ಟ್ರಿಗೆ ಒಂದು ಕಾಗದ ಹೊಡೆಸಿದೆ. "ನಾನು ಹೊಲಿಗೆಯವಳು, ಗಂಡನಿಗೆ ಗೊತ್ತಿಲ್ಲದಂತೆ ಕೂಡಿಟ್ಟ ದುಡ್ಡಿದೆ, ಮನೆ ಕೊಳ್ಳುವುದು ಗೊತ್ತಿಲ್ಲ, ತಮ್ಮ ಫೀಸು ಕಟ್ಟಬೇಕೆಂದಿದ್ದೇನೆ, ದಾರಿ ತೋರಿಸಿ" ಎಂದು. ಸೇಲ್ಸಿನವನು ಅವನ ಊರಿನಿಂದಲೇ ಅಂಚೆಗೆ ಹಾಕಿದ. ಹಸಿದ ಮೀನಿಗೆ ಎರೆಹುಳ ತೋರಿಸಿದರೆ ಎಷ್ಟು ಬಾಯಿ ತೆರೆಯುತ್ತದೆ ನೋಡೋಣ ಎಂದುಕೊಂಡಿದ್ದೆ. ಬಂದ ಉತ್ತರವನ್ನು ನಿನಗೆ ಕಳಿಸಿ, ಮಂಗಳಾರತಿ ಮಾಡಬೇಕೆಂದಿದ್ದೆ.

ಸೇಲ್ಸಿನವನು ನಿನ್ನೆ ಉತ್ತರ ತಂದ. ಲಕೋಟೆ ಹರಿದೆ. ಮೂರು ಮಡಿಕೆ. ಕೊನೆಯ ಅಂಚು ಬೆರಳಗಲ ಹೊರಕ್ಕೆ ಮಡಚಿತ್ತು.

ಓದುವ ಮೊದಲೇ ಅದು ನಿನ್ನ ಕೈಯ ಮಡಿಕೆ ಎಂದು ಗೊತ್ತಾಯಿತು. ಗಿರಾಕಿಯೊಬ್ಬ ಬಂದು ಎದುರು ನಿಂತು ಬಾಯಿ ಆಡಿಸುತ್ತಿದ್ದ, ನನಗೆ ಏನೂ ಬೇಕಿರಲಿಲ್ಲ. ಇವಳು ಕಟ್ಟಿದ್ದಾಳೆ ಅಷ್ಟೇ ಅಲ್ಲ, ಅವರ ಜೊತೆಯೇ ಸೇರಿದ್ದಾಳೆ ಎಂದುಕೊಂಡೆ. ಡ್ರಾಯರು, ಮುಂದಿನ ಸಾಲು, ಒಂದೇ ಮನೆಯಿಂದ ಇಬ್ಬರು, ಎಲ್ಲ ಒಟ್ಟಿಗೆ ನೆನಪಾಯಿತು. ನನ್ನ ಜನ್ಮದಲ್ಲಿ ಎಷ್ಟೋ ಜನರ ಮೇಲೆ ಅನುಮಾನ ಪಟ್ಟಿದ್ದೇನೆ. ಅದು ಸರಿ ಎಂದು ಗೊತ್ತಾದಾಗ ಒಳಗೊಳಗೇ ಒಂದು ಸಮಾಧಾನವಾಗುತ್ತಿತ್ತು. ನಿನ್ನೆ ಆಗಲಿಲ್ಲ.

ಆಮೇಲೆ ಓದಿದೆ. ಮೇಷ್ಟ್ರ ಹೆಸರಿಲ್ಲ, ಮೊಹರಿಲ್ಲ, ಬಿಳೀ ಹಾಳೆ, ಕಂಪ್ಯೂಟರಿನಲ್ಲಿ ಹೊಡೆದದ್ದು. ನೀನೇ ಬರೆದಿದ್ದು, ಆದರೂ ಇಲ್ಲಿ ನಕಲು ಮಾಡುತ್ತೇನೆ, ಇನ್ನೊಂದು ಸಲ ಓದಿಕೋ.

"ಅಮ್ಮಾ, ತಮ್ಮ ಪತ್ರ ತಲುಪಿತು. ದಯವಿಟ್ಟು ಫೀಸು ಕಟ್ಟಬೇಡಿ. ಇಲ್ಲಿ ಹೇಳಿಕೊಡುವುದರಲ್ಲಿ ಸುಳ್ಳಿಲ್ಲ, ಆದರೆ ಅದೆಲ್ಲ ನಿಮ್ಮ ಊರಿನ ಬ್ಯಾಂಕಿನವರು, ಗಾರೆಯವರು ಕೇಳಿದರೆ ಹೇಳುವಂಥದ್ದೇ. ಫೀಸು ಕೊಟ್ಟಮೇಲೆ ಮನೆ ಕೊಳ್ಳಲು ನಿಮ್ಮ ಬಳಿ ಏನು ಉಳಿಯುತ್ತದೆ ಎಂದು ಮೊದಲು ನೋಡಿ. ಮನೆ ನೋಡಲು ಹೋದಾಗ ಬಾಗಿಲ ಅಂಚಿನಲ್ಲಿ ಹಳೇ ಸ್ಕ್ರೂ ತೂತುಗಳನ್ನು ಎಣಿಸಿ. ಬೀಗ ಮತ್ತೆ ಮತ್ತೆ ಬದಲಾಗಿದ್ದರೆ ಅಲ್ಲಿ ಜನ ನಿಂತಿಲ್ಲ. ನಿಮಗೆ ಅಕ್ಕನೋ ಅಣ್ಣನೋ ಇದ್ದರೆ ಅವರನ್ನು ಕರೆದುಕೊಂಡು ಹೋಗಿ, ಮುಖ್ಯವಾಗಿ ಯಾವುದನ್ನೂ ನಂಬದವರು ಇದ್ದರೆ. ಈ ಪತ್ರವನ್ನು ಹರಿದುಹಾಕಿ."

ನಾನು ಹರಿದುಹಾಕಿಲ್ಲ.

ಚೂಟಿ, ನನಗೆ ಒಂದೇ ಒಂದು ಅರ್ಥವಾಗುತ್ತಿಲ್ಲ. ಒಡಹುಟ್ಟಿದವಳಿಗೆ ಬಾ, ಸೇರು ಎಂದೆ. ಮುಖ ನೋಡದ ಹೊಲಿಗೆಯವಳಿಗೆ ಬರಬೇಡ ಎಂದೆ. ಇದು ಯಾವ ನ್ಯಾಯ?

ಅಕ್ಕ

*

ಮೇ ೪

ಅಕ್ಕಾ,

ಎರಡು ದಿನ ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಮಾರ್ಚಿನಿಂದ ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಫೆಬ್ರವರಿ ಹತ್ತೊಂಬತ್ತಕ್ಕೆ ಕಟ್ಟಿದೆ. ನಿನ್ನನ್ನು ಕೇಳುವುದಕ್ಕೆ ಎರಡು ವಾರ ಮೊದಲು. ಪಾಠದ ಹಾಲ್‌ನಲ್ಲಿ ನೂರು ಜನರಿದ್ದರು, ಇವತ್ತು ಕಟ್ಟುವವರು ಕೈ ಎತ್ತಿ ಎಂದರು, ಎತ್ತಿದೆ. ನನ್ನ ಜೀವನದಲ್ಲಿ ಯಾರೂ ನನಗಾಗಿ ಚಪ್ಪಾಳೆ ತಟ್ಟಿರಲಿಲ್ಲ, ಅವತ್ತು ತಟ್ಟಿದರು. ಮನೆಗೆ ಬಂದು ರಸೀದಿ ಎದುರಿಟ್ಟುಕೊಂಡು ಉಳಿದದ್ದನ್ನು ಎಣಿಸಿದೆ, ಆರು ತಿಂಗಳ ಸಂಬಳ. ಮರುವಾರ ಹೋಗಿ ದುಡ್ಡು ವಾಪಸ್ ಕೇಳಿದೆ. "ವಾಪಸ್ ಅನ್ನೋದು ಇಲ್ಲಮ್ಮ. ಆದ್ರೆ ಮೂರು ಜನರನ್ನ ಕರ್ಕೊಂಡು ಬನ್ನಿ, ನಿಮ್ಮ ಫೀಸು ಪೂರ್ತಿ ನಿಮ್ಮ ಕೈಗೆ" ಎಂದರು. ಅವರು ಸುಳ್ಳು ಹೇಳುವುದಿಲ್ಲ ಅಕ್ಕ. ಅರ್ಧ ಹೇಳುತ್ತಾರೆ.

ಮೊದಲನೆಯವಳಾಗಿ ಬಂದವಳು ನಮ್ಮ ದೊಡ್ಡ ಇಸ್ತ್ರಿ ಮೆಷಿನ್ನಿನ ಅಕ್ಕ. ಗೊತ್ತಲ್ಲ, ನನಗೆ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟವಳು. ಅವಳಿಗೂ ಕೆಲಸ ಹೋಗಿತ್ತು. ನಾನು ಹೇಳಿದೆ ಎಂದು ಅರ್ಧ ಫೀಸು ಕಟ್ಟಿದಳು.

ಸಂಜೆ ಹೊತ್ತು ಆಫೀಸಿನಲ್ಲಿ ಕೆಲಸ ಕೊಟ್ಟರು. ಫೋನಿಗೆ ಬೇರೆಯವರಿದ್ದಾರೆ. ಕಾಗದದಲ್ಲಿ ಕೇಳುವವರು ಕಡಿಮೆ, ಎಲ್ಲ ವಯಸ್ಸಾದವರು, ಒಂಟಿ ಹೆಂಗಸರು, ಕೂಡಿಟ್ಟ ದುಡ್ಡಿರುವವರು. ಅವರಿಗೆಲ್ಲ ಒಂದೇ ಉತ್ತರ, ಕಂಪ್ಯೂಟರಿನಲ್ಲಿ ತಯಾರಿದೆ. ಹೆಸರು ಬದಲಿಸಿ, ಮುದ್ರಿಸಿ, ಮಡಿಸಿ, ಅಂಚೆಗೆ ಹಾಕಬೇಕು. "ನೀವು ಚೆನ್ನಾಗಿ ಮಡಿಸ್ತೀರಿ" ಎಂದು ಮೇಷ್ಟ್ರು ಹೊಗಳುತ್ತಿದ್ದರು.

ನೀನು ಐದು ಬೀಗ ಎಂದು ಬರೆದೆಯಲ್ಲ. ಆ ಕಾಗದ ಬಂದ ಮರುದಿನವೇ ಬಸ್ಸು ಹತ್ತಿ ಆ ಗುಮಾಸ್ತೆಯ ಮನೆಗೆ ಹೋದೆ, ಹೇಳದೆ ಕೇಳದೆ. ಬಾಗಿಲಿಗೆ ಬೀಗ ಹಾಕಿತ್ತು. ಅಂಚಿನ ಮೇಲೆ ಬೆರಳಾಡಿಸಿದೆ. ಮುಚ್ಚಿದ ತೂತುಗಳು ನಾಲ್ಕು ಜಾಗದಲ್ಲಲ್ಲ, ಆರು ಜಾಗದಲ್ಲಿದ್ದವು. ಎದುರು ಮನೆಯವಳು ಹೇಳಿದಳು, "ಹಿಂದುಗಡೆ ಚರಂಡಿ ಉಕ್ಕುತ್ತೆ, ಯಾರೂ ಮೂರು ತಿಂಗಳು ನಿಲ್ಲಲ್ಲ" ಎಂದು. ಗುಮಾಸ್ತೆ ಈಗ ಸಂಜೆ ಹೊತ್ತು ಮೇಷ್ಟ್ರ ಆಫೀಸಿನಲ್ಲಿ ಫೋನು ಎತ್ತುತ್ತಾಳೆ. ನನ್ನ ಪಕ್ಕದ ಮೇಜು. ಸಾಲ ತೀರುತ್ತಿಲ್ಲವಲ್ಲ ಪಾಪ.

ಅಲ್ಲಿಂದ ಬಂದು ಮೊದಲು ಮಾಡಿದ ಕೆಲಸ ನಿನಗೆ ಆ ಸಿಟ್ಟಿನ ಕಾಗದ ಬರೆದದ್ದು. ನೀನು ಸರಿ ಎಂದು ಒಪ್ಪಿಕೊಳ್ಳುವುದಕ್ಕಿಂತ ನಿನ್ನ ಹಳೇ ತಪ್ಪು ಎತ್ತಿ ಆಡುವುದು ಸುಲಭವಾಗಿತ್ತು. ಎರಡನೆಯ ಕೆಲಸ, ಇಸ್ತ್ರಿ ಅಕ್ಕ ಕಟ್ಟಿದ್ದ ದುಡ್ಡನ್ನು ನನ್ನದರಿಂದ ಅವಳಿಗೆ ಕೊಟ್ಟದ್ದು. ಮೇಷ್ಟ್ರು ವಾಪಸ್ ಕೊಟ್ಟರು ಎಂದು ಹೇಳಿದ್ದೇನೆ. ಈಗ ನನ್ನ ಬಳಿ ಎರಡು ತಿಂಗಳ ಸಂಬಳದಷ್ಟಿದೆ. ಮೂರನೆಯದು, ಅವತ್ತಿನಿಂದ ಬಂದ ಪ್ರತಿ ಕಾಗದಕ್ಕೂ ಬೇರೆ ಉತ್ತರ ಹಾಕಿದೆ. ಒಟ್ಟು ಒಂಬತ್ತು ಜನಕ್ಕೆ. ಅವರಲ್ಲಿ ಇಬ್ಬರು ಸೇರಿದ್ದರೂ ಸಾಕಿತ್ತು, ಇಸ್ತ್ರಿ ಅಕ್ಕನೂ ಸೇರಿ ಮೂವರಾಗಿ ನನ್ನ ದುಡ್ಡು ನನಗೆ ಬರುತ್ತಿತ್ತು.

ನಿನ್ನ ಪ್ರಶ್ನೆಗೆ ಉತ್ತರ. ನಿನ್ನನ್ನು ಯಾಕೆ ಕರೆದೆ ಎಂದರೆ, ನೀನು ಬರುವುದಿಲ್ಲ ಎಂದು ಗೊತ್ತಿತ್ತು. ಜಗತ್ತಿನಲ್ಲಿ ನಾನು ಸುಳ್ಳು ಹೇಳಿದರೂ ನಂಬದಿರುವವಳು ನೀನೊಬ್ಬಳೇ. ಆ ಹೊಲಿಗೆಯವಳು ನಂಬುತ್ತಿದ್ದಳು ಅಕ್ಕ. ಗಂಡನಿಗೆ ಗೊತ್ತಿಲ್ಲದಂತೆ ಕೂಡಿಟ್ಟದ್ದು ಎಂದು ಬೇರೆ ಬರೆದಿದ್ದಳು. ಅದನ್ನು ಓದಿ ನಾನು ಅತ್ತಿದ್ದೇನೆ. ಈಗ ನೋಡಿದರೆ ಅದನ್ನು ಬರೆಸಿದ ಮಹಾತಾಯಿ ನೀನು.

ಮೂವತ್ತೊಂದಕ್ಕೆ ಕೋಣೆ ಬಿಡಬೇಕು. ಬಸ್ ನಿಲ್ದಾಣದ ಹಿಂದೆ ಹೆಂಗಸರ ಹಾಸ್ಟೆಲ್ಲಿದೆ, ಒಂದು ಹಾಸಿಗೆ ಕೇಳಿಟ್ಟಿದ್ದೇನೆ. ನಿನ್ನ ಮನೆಗೇ ಬಾ ಎನ್ನುತ್ತೀಯೇನೋ ಎಂದು ಮೊದಲೇ ಹೇಳುತ್ತೇನೆ, ಬರುವುದಿಲ್ಲ. ಅವತ್ತು ಏನೂ ಮಾಡದೆಯೇ ಡ್ರಾಯರಿಗೆ ಬೀಗ ಬಿತ್ತು. ಈಗ ನಿಜವಾಗಲೂ ನಿನಗೆ ಸುಳ್ಳು ಹೇಳಿದ್ದೇನೆ. ಈ ಸಲ ಯಾವುದಕ್ಕೆಲ್ಲ ಬೀಗ ಬೀಳಬಹುದು ಎಂದು ನೋಡುತ್ತ ಇರಲಾರೆ.

ಚೂಟಿ

*

ಮೇ ೧೦

ಚೂಟಿ,

ನನ್ನದೂ ಒಂದು ಬಾಕಿ ಇದೆ. ಹನ್ನೊಂದು ವರ್ಷದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದು.

ನೀನು ಹೋದ ಮೂರನೆಯ ತಿಂಗಳು ಡ್ರಾಯರು ಬಿಗಿಯಾಯಿತು. ಎಣ್ಣೆ ಬಿಡೋಣ ಎಂದು ಪೂರ್ತಿ ಹೊರಗೆಳೆದೆ. ಹಿಂಭಾಗದ ಹಲಗೆ ಸೀಳಿ ಸಂದಿಯಾಗಿತ್ತು. ದುಡ್ಡು ಆ ಸಂದಿಯಿಂದ ಜಾರಿ ಮೇಜಿನ ಒಳಗೆ ಬಿದ್ದಿತ್ತು, ರಬ್ಬರ್ ಬ್ಯಾಂಡ್ ಹಾಕಿದ್ದು ಹಾಕಿದಂತೆಯೇ. ಊರವರ ಬೀಗವೆಲ್ಲ ಬಿಚ್ಚಿ ನೋಡುವವಳು, ನನ್ನ ಡ್ರಾಯರಿನ ಹಿಂದೆ ನೋಡಲಿಲ್ಲ. ನಿನ್ನ ಕಡೆ ನೋಡಿದೆ.

ಅವತ್ತೇ ನಿನಗೆ ಬರೆಯಲು ಕೂತೆ. "ದುಡ್ಡು ಸಿಕ್ಕಿತು" ಎಂದು ಬರೆದರೆ, "ಹಾಗಾದರೆ ನನ್ನನ್ನು ಕಳ್ಳಿ ಅಂದುಕೊಂಡಿದ್ದೆಯಾ" ಎಂದು ನೀನು ಕೇಳುತ್ತೀಯ. ಅದಕ್ಕೆ ಹೌದು ಎಂದು ಬರೆಯಬೇಕಾಗುತ್ತಿತ್ತು. ಬೀಗದವಳು ಬಾಯಿಗೂ ಬೀಗ ಹಾಕಿಕೊಂಡಳು. ಆಮೇಲೆ ನೀನು ಕ್ಷೇಮ ಕೇಳಿ ಬರೆಯತೊಡಗಿದೆ, ನಾನು ತಮಾಷೆ ಮಾಡಿ ಬರೆದೆ, ಹೀಗೇ ನಡೆಯುತ್ತದೆ ಎಂದುಕೊಂಡೆ. ಈ ಮಾರ್ಚಿನಲ್ಲಿ ನೀನು ಅದನ್ನು ಎತ್ತಿ ಬರೆದಾಗ, ಒಂದು ಅಕ್ಷರವೂ ಮರೆತಿಲ್ಲ ಎಂದು ಗೊತ್ತಾಯಿತು. ತಪ್ಪು ನನ್ನದು. ಆಗಲೂ ನನ್ನದೇ, ಸುಮ್ಮನಿದ್ದ ಇಷ್ಟು ವರ್ಷವೂ ನನ್ನದೇ.

ನೀನು ನನಗೆ ಹೇಳಿದ ಸುಳ್ಳಿನ ಲೆಕ್ಕ ನನಗೆ ಬೇಡ. ದುಡ್ಡು ಕಳೆದುಕೊಂಡು, ಇನ್ನಿಬ್ಬರನ್ನು ತಂದರೆ ವಾಪಸ್ ಬರುತ್ತದೆ ಎಂದು ಗೊತ್ತಿದ್ದೂ ಒಂಬತ್ತು ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವಳು ನೀನು. ನನ್ನ ಗಿರಾಕಿಗಳಲ್ಲಿ ಅಂಥವರನ್ನು ಎಣಿಸಲು ಒಂದು ಕೈಯ ಬೆರಳೂ ಬೇಕಿಲ್ಲ. ನಾನೇ ಆಗಿದ್ದರೆ ಆ ಹೊಲಿಗೆಯವಳನ್ನು ಹಿಂದಕ್ಕೆ ಕಳಿಸುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಈ ಕಾಗದ ಬರೆಯುವ ಮೊದಲು ಡ್ರಾಯರಿನ ಬೀಗ ಬಿಚ್ಚಿದೆ. ನಾಲ್ಕು ಸ್ಕ್ರೂ ತೂತು ಉಳಿದಿವೆ. ಮುಚ್ಚುವುದಿಲ್ಲ, ಇರಲಿ, ದಿನಾ ಕಾಣಲಿ.

ಹಾಸ್ಟೆಲ್ಲಿಗೆ ಹೋಗಬೇಡ. ಇಲ್ಲಿಗೆ ಬಾ. ಗಿರಾಕಿಗಳು ಏನು ಹೇಳುತ್ತಾರೋ ನನಗೆ ಕೇಳುವುದಿಲ್ಲ. ಮೊನ್ನೆ ಒಬ್ಬ ಎರಡು ಕೀಲಿ ಎಂದದ್ದಕ್ಕೆ ಹನ್ನೆರಡು ಕೊರೆದೆ. ಎದುರು ನಿಂತು ಮಾತಾಡುವವರು ಬೇಕು. ವ್ಯಾಪಾರದಲ್ಲಿ ಅರ್ಧ ನಿನಗೆ. ದಾನ ಎಂದುಕೊಳ್ಳಬೇಡ, ನೀನು ಬರದಿದ್ದರೆ ಬೇರೆ ಯಾರನ್ನಾದರೂ ಇಡಲೇಬೇಕು. ಆ ಬೇರೆಯವರನ್ನು ನಾನು ಎಷ್ಟು ಅನುಮಾನಿಸಬಹುದು, ಯೋಚಿಸು, ಪಾಪ ಅವರ ಗತಿ ಏನಾಗಬೇಕು.

ಎರಡು ಕೋಣೆಯ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ನಿಧಾನಕ್ಕೆ ನೋಡೋಣ, ಇಬ್ಬರೂ ಹೋಗಿ ಬಾಗಿಲ ಅಂಚಿನ ತೂತು ಎಣಿಸೋಣ. ಮೇಷ್ಟ್ರು ನಾನು. ಫೀಸಿಲ್ಲ.

ಅಕ್ಕ

*

ಮೇ ೧೭

ಅಕ್ಕಾ,

ಈ ಸಲ ಕಾಗದದ ಅಂಚನ್ನು ಮಡಚಿಲ್ಲ. ಅಭ್ಯಾಸಬಲದಿಂದ ಮಡಚಿ, ಆಮೇಲೆ ಬಿಡಿಸಿದೆ, ಗೆರೆ ಉಳಿದಿರುತ್ತದೆ.

ಡ್ರಾಯರಿನ ಹಿಂದೆ ದುಡ್ಡು ಸಿಕ್ಕಿದ್ದನ್ನು ಓದಿ ತುಂಬ ಹೊತ್ತು ಸಿಟ್ಟು ಇಳಿಯಲಿಲ್ಲ. ಹನ್ನೊಂದು ವರ್ಷ ಅಕ್ಕ. ನಾನು ಎಷ್ಟು ಸಲ ನನ್ನ ಪೆಟ್ಟಿಗೆಯನ್ನೇ ಹುಡುಕಿ ನೋಡಿದ್ದೇನೆ ಗೊತ್ತಾ, ನನಗೇ ಗೊತ್ತಿಲ್ಲದೆ ಎಲ್ಲಾದರೂ ತಂದುಬಿಟ್ಟಿದ್ದೇನೋ ಎಂದು. ಆ ಸಿಟ್ಟು ಪೂರ್ತಿ ಹೋಗಿಲ್ಲ. ಬಂದಮೇಲೆ ಒಂದು ದಿನ ಕೂತು ಜಗಳವಾಡಬೇಕು. ಜೋರಾಗಿ ಆಡುತ್ತೇನೆ, ನಿನಗೆ ಕೇಳಬೇಕಲ್ಲ.

ನಿನ್ನೆ ಮೇಷ್ಟ್ರ ಆಫೀಸಿಗೆ ಹೋಗಿ ಇನ್ನು ಬರುವುದಿಲ್ಲ ಎಂದೆ. "ಇನ್ನು ಇಬ್ಬರಷ್ಟೇ ಬೇಕಿತ್ತಲ್ಲಮ್ಮ, ಇಷ್ಟು ದೂರ ಬಂದು ಕೈ ಬಿಡ್ತೀರಾ?" ಎಂದು ಕೇಳಿದರು, ಬಹಳ ಪ್ರೀತಿಯಿಂದಲೇ. ಬರುವಾಗ ಗುಮಾಸ್ತೆಯ ಕಿವಿಯಲ್ಲಿ ಕಾಗದಗಳ ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಸುಮ್ಮನೆ ನನ್ನ ಮೇಜಿನ ಕೀಲಿ ಇಸಿದುಕೊಂಡು, "ಇನ್ಮೇಲೆ ಕಾಗದ ನಾನೇ ನೋಡ್ತೀನಿ" ಎಂದಳು. ಯಾವ ಅರ್ಥದಲ್ಲಿ ಎಂದು ನನಗೆ ತಿಳಿಯಲಿಲ್ಲ. ನಿನ್ನ ಹಾಗೆ ಅನುಮಾನಪಡಲೋ, ನಂಬಲೋ?

ಮೂವತ್ತನೆಯ ತಾರೀಖು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಅಷ್ಟೇ. ಒಂದು ತೊಂದರೆ ಇದೆ. ನಿನ್ನ ಬಾಗಿಲಿನ ಕೀಲಿ ನನ್ನ ಹತ್ತಿರ ಇಲ್ಲ, ಬಡಿದರೆ ನಿನಗೆ ಕೇಳುವುದಿಲ್ಲ. ಅವತ್ತು ಒಂದು ದಿನ, ಬಾಗಿಲಿಗೆ ಬೀಗವನ್ನೂ ಚಿಲಕವನ್ನೂ ಹಾಕದೆ ಇರುವುದು ನಿನ್ನಿಂದ ಆಗುತ್ತದೆಯೇ?

ಚೂಟಿ

*

ಮೇ ೨೩

ಚೂಟಿ,

ಆಗುತ್ತದೆ. ಬೀಗ ಹಾಕುವುದಿಲ್ಲ, ಚಿಲಕವನ್ನೂ ಹಾಕುವುದಿಲ್ಲ. ಆದರೆ ಬೆಳಗ್ಗೆಯಿಂದಲೇ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಕಾಲ ಸರಿಯಿಲ್ಲ, ತೆರೆದ ಬಾಗಿಲು ನೋಡಿ ಯಾರು ಬೇಕಾದರೂ ನುಗ್ಗಬಹುದು. ಬಸ್ಸು ತಡವಾದರೂ ಕೂತೇ ಇರುತ್ತೇನೆ, ನೀನು ಬೇಗ ಬಂದುಬಿಡು.

ಅಕ್ಕ